ಹೆದರಿದ ಮೊಲಕ್ಕೆ ಅಡ್ಡ ಮಲಗಿಸಿದ ಗಡಿಗೆ

ಮಕ್ಕಳ ಹಟಕ್ಕೆ ಪೇಟೆಯಿಂದ ತಂದ ಬಿಳಿ ಮೊಲ ನಾಲ್ಕು ತಿಂಗಳಿಗೆ ಬೇಡವಾಗುತ್ತದೆ. ಸಾಲ ತಂದು ಮಾಡಿದ ಮೊಲದ ಶೆಡ್ಡು ಮುಚ್ಚಿದರೆ ಉಳಿದ ನಾಲ್ಕಾರು ಮೊಲ ಸಿಕ್ಕವರ ಪಾಲು. ಇನ್ನು ಕೆಲವು ನಾಯಿ ಬಾಯಿಂದ ಬಿಡಿಸಿಕೊಂಡು ಬಂದವು. “ನಿಮ್ಮದು ಹೊಲದ ಮನಿ ಐತಲ್ಲ, ಇಟ್ಕಳ್ರಿ” ಎಂದು ಕೊನೆಗೆ ತಂದು ಬಿಡುವುದು ನಮ್ಮಂಥ ರೈತರ ಮನೆಗೇ. ಹೀಗೆ ಬಂದ ಮೊಲ ಮೂರೇ ದಿನಕ್ಕೆ ಸತ್ತಿತೆಂದರೆ “ಅದಕ್ಕೆ ಆಯುಷ್ಯ ಇರಲಿಲ್ಲ” ಎಂದು ಸುಮ್ಮನಾಗುತ್ತೇವೆ. ಆದರೆ ಬಹಳ ಸಲ ಅದು ಸಾಯುವುದು ಹೆದರಿಕೆಯಿಂದ ಮೇವು ಬಿಟ್ಟು. ಇದನ್ನು ತಪ್ಪಿಸಲು ಬರುತ್ತದೆ, ಖರ್ಚೂ ಇಲ್ಲ.

ಕಾಡು ಮೊಲವೋ, ಸಾಕು ಮೊಲವೋ?

ಮೊದಲು ಇದನ್ನು ನೋಡಿಕೊಳ್ಳಿ. ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಹೊಲ, ಕುರುಚಲು ಗುಡ್ಡಗಳಲ್ಲಿ ಓಡಾಡುವುದು ಕಾಡು ಮೊಲ. ಮಣ್ಣಿನ ಬಣ್ಣದ ಮೈ, ಉದ್ದ ಕಾಲು, ಕುತ್ತಿಗೆ ಹಿಂದೆ ಕಪ್ಪು ಮಚ್ಚೆ. ಇದು ಬಿಲ ತೋಡುವುದಿಲ್ಲ, ಪೊದೆಯ ಬುಡದಲ್ಲಿ ಕೂರುತ್ತದೆ. ಇದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತವೆ. ಸಾಕು ಮೊಲದ ವಂಶ ಬೇರೆ. ಅದರ ಮೂಲ ಯುರೋಪು, ಬಿಲದಲ್ಲಿ ಬಾಳುವ ಜಾತಿ. ಮರಿ ಹುಟ್ಟುವಾಗ ಕೂದಲಿಲ್ಲ, ಕಣ್ಣೂ ಮುಚ್ಚಿರುತ್ತವೆ.

ಶೇಂಗಾ ಕೀಳುವಾಗ, ಸಜ್ಜೆ ಕೊಯ್ಯುವಾಗ ಒಂಟಿ ಕಾಡುಮರಿ ಕಂಡರೆ ಅದು ತಬ್ಬಲಿ ಅಂತಲ್ಲ. ತಾಯಿ ಹಗಲಲ್ಲಿ ದೂರವೇ ಇದ್ದು, ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಮರಿಗೆ ಗಾಯವಿಲ್ಲದಿದ್ದರೆ ಅಲ್ಲೇ ಬಿಡಿ. ಆ ಜಾಗದ ನಾಲ್ಕು ಸಾಲು ಕೊಯ್ಲನ್ನು ಮರುದಿನಕ್ಕೆ ಇಟ್ಟುಕೊಂಡರಾಯಿತು. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಕಾಡು ಮೊಲವನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹಾಗೂ ಅದು ಗೂಡಿನಲ್ಲಿ ಬದುಕುವುದು ಕಷ್ಟ, ಗಾಬರಿಯಲ್ಲೇ ಮೈ ಬಡಿದುಕೊಂಡು ಸಾಯುತ್ತದೆ. ಇಲ್ಲಿಂದ ಮುಂದೆ ಹೇಳುವುದೆಲ್ಲ ಸಾಕು ಮೊಲದ ಮಾತು.

ಹೆದರಿಕೆ ಹೊಟ್ಟೆಗಿಳಿಯುವುದು ಹೇಗೆ?

ಎಲ್ಲರಿಗೂ ಬೇಟೆಯಾಗುವ ಪ್ರಾಣಿ ಮೊಲ. ಹೆದರಿದಾಗ ಕುರಿಯ ಹಾಗೆ ಅರಚುವುದಿಲ್ಲ, ಅಲ್ಲಾಡದೆ ಕೂತುಬಿಡುತ್ತದೆ. ಕಿವಿ ಬೆನ್ನಿಗಂಟಿರುತ್ತವೆ, ಕಣ್ಣು ದಪ್ಪಗಾಗಿರುತ್ತವೆ, ಉಸಿರು ಜೋರು. ಕೆಲವು ಹಿಂಗಾಲಿನಿಂದ ನೆಲಕ್ಕೆ “ಧಬ್” ಎಂದು ಬಡಿಯುತ್ತವೆ. “ಎಷ್ಟು ಸಾಧು ಐತಿ ನೋಡ್ರಿ” ಎಂದು ನಾವು ಮುದ್ದಿಸುವುದು ಇದೇ ಹೊತ್ತಿನಲ್ಲಿ! ಅಂಗಾತ ಮಲಗಿಸಿದರೆ ಸುಮ್ಮನಾಗುವುದೂ ಸುಖಕ್ಕಲ್ಲ, ಪ್ರಾಣಭಯಕ್ಕೆ.

ಮೊಲದ ಕರುಳಿಗೆ ನಾರಿನ ಮೇವು ಸದಾ ಹೋಗುತ್ತಿರಬೇಕು. ಭಯದಿಂದ ಮೇವು ಬಿಟ್ಟರೆ ಕರುಳಿನ ಚಲನೆ ನಿಧಾನವಾಗುತ್ತದೆ. ಒಳಗಿದ್ದದ್ದು ಗಟ್ಟಿಯಾಗಿ, ಗಾಳಿ ತುಂಬಿ, ನೋವಿಗೆ ಮತ್ತೆ ಮೇವು ಬೇಡವಾಗುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯೂ ಹಾಕದಿದ್ದರೆ ಅಪಾಯ ಬಂತೆಂದೇ ತಿಳಿಯಿರಿ. ಹಾಗಾಗಿ ಹೊಸ ಮೊಲ ಪಳಗಿತೋ ಇಲ್ಲವೋ ಎಂದು ನೋಡುವುದಕ್ಕಿಂತ ಬೆಳಿಗ್ಗೆ ಹಿಕ್ಕೆ ನೋಡುವುದು ಮುಖ್ಯ. ದುಂಡಗೆ, ಒಣಗಿ, ಕಡಲೆ ಗಾತ್ರದಲ್ಲಿ ಬೇಕಾದಷ್ಟು ಬಿದ್ದಿದ್ದರೆ ಚಿಂತೆಯಿಲ್ಲ. ಸಣ್ಣಗಾಗಿ ಕಡಿಮೆಯಾದರೆ ಎಚ್ಚರ.

ಒಂದು ವಿಷಯ. ಮೊಲ ಬಗ್ಗಿ ತನ್ನ ಮೆತ್ತನೆ ಹಿಕ್ಕೆಯನ್ನೇ ತಿನ್ನುವುದು ಕಂಡರೆ ಗಾಬರಿ ಬೇಡ. ಅದು ರೋಗವಲ್ಲ. ನಮ್ಮ ದನ ಮೆಲುಕು ಹಾಕುವ ಹಾಗೆ ಮೊಲ ಒಂದೇ ಮೇವಿನ ಸತ್ವವನ್ನು ಎರಡು ಸಲ ಪಡೆಯುವ ರೀತಿ.

ಗೂಡು: ಬಿಲದ ನೆನಪು

ಬಿಲವಾಸಿಗೆ ಬಯಲೇ ಭಯ. ಬಂದ ದಿನವೇ ಬಾಯಿ ಅಗಲದ ದೊಡ್ಡ ಹಳೇ ಗಡಿಗೆಯನ್ನು ಅಡ್ಡ ಮಲಗಿಸಿ, ಉರುಳದಂತೆ ಎರಡು ಕಡೆ ಕಲ್ಲು ಕೊಟ್ಟು, ಒಳಗೆ ಒಣಹುಲ್ಲು ಹಾಸಿ. ಮೊಲ ಒಳಗೇ ತಿರುಗುವಷ್ಟು ಜಾಗವಿರಲಿ. ಅಷ್ಟು ದೊಡ್ಡದು ಸಿಗದಿದ್ದರೆ ಎರಡು ಬಾಗಿಲು ಕೊಯ್ದ ರಟ್ಟಿನ ಡಬ್ಬಿ ನಡೆಯುತ್ತದೆ. ಅದು ಒಳಗೆ ಹೋಗಿ ಕೂತಾಗ ಎಳೆದು ಹೊರಗೆ ತೆಗೆಯಬಾರದು. ಆ ಜಾಗ ಅದರದ್ದು ಎಂಬ ನಂಬಿಕೆ ಹುಟ್ಟಬೇಕು.

ಗೂಡು ನಡುಮನೆಯಲ್ಲೂ ಬೇಡ, ಜನ ಕಾಣದ ಮೂಲೆಯಲ್ಲೂ ಬೇಡ. ನಡೆದಾಡುವ ಸದ್ದು ದೂರದಿಂದ ಕೇಳುವ ಗೋಡೆ ಬದಿ ಸರಿ. ಮೂರು ಬದಿ ಗೋಣಿತಟ್ಟು ಕಟ್ಟಿದರೆ ಒಂದೇ ಕಡೆ ಕಣ್ಣಿಟ್ಟರೆ ಸಾಕು ಎಂಬ ಧೈರ್ಯ ಬರುತ್ತದೆ. ಕುರಿ ಕಾಯುವ ನಾಯಿ, ಬೆಕ್ಕು ಹತ್ತಿರ ಸುಳಿಯದಿರಲಿ. ಮುಟ್ಟದಿದ್ದರೂ ವಾಸನೆಯೇ ಸಾಕು. ರಾತ್ರಿ ಇಲಿ, ಹಾವು ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಬೇಕು. ಪಟಾಕಿ, ಡೊಳ್ಳಿನ ಸದ್ದು ಮೊಲಕ್ಕೆ ಆಗದು. ಉಜ್ಜಿನಿ ತೇರು, ಕೊಟ್ಟೂರು ತೇರಿನ ದಿನಗಳಲ್ಲಿ ಊರೊಳಗಿನ ಮನೆಯವರು ಗೂಡನ್ನು ಒಳಕೋಣೆಗೆ ಇಡುವುದು ಲೇಸು.

ಮೇವು: ಹಳೆಯದನ್ನು ತಕ್ಷಣ ಬಿಡಿಸಬೇಡಿ

ಮೊದಲಿನವರು ಏನು ಹಾಕುತ್ತಿದ್ದರು ಎಂದು ಕೇಳಿಕೊಂಡೇ ಮೊಲ ತನ್ನಿ. ಅದನ್ನೇ ನಾಲ್ಕು ದಿನ ಕೊಟ್ಟು, ಆಮೇಲೆ ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ. ಒಣಹುಲ್ಲು ಮಾತ್ರ ಹಗಲೂ ರಾತ್ರಿ ಮುಂದಿರಲಿ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಿರುತ್ತವೆ, ಅವು ಸವೆಯುವುದು ಹುಲ್ಲು ಅಗಿದೇ. ಹಸಿಮೇವಿಗೆ ಗರಿಕೆ, ಬೇಲಿಮೆಂತೆ, ಸ್ವಲ್ಪ ಕುದುರೆಮೆಂತೆ ಆದೀತು. ಒಣಗಿದ ಶೇಂಗಾ ಬಳ್ಳಿಯೂ ಆಗುತ್ತದೆ, ಆದರೆ ಬೂಸ್ಟು ಹಿಡಿದದ್ದನ್ನು ಮುಟ್ಟಿಸಬೇಡಿ.

ಕೊಡಬಾರದ್ದು: ಈರುಳ್ಳಿ ಮತ್ತು ಅದರ ಸೊಪ್ಪು (ನಮ್ಮ ಕಡೆ ಇದು ಕಣದಲ್ಲೇ ಬಿದ್ದಿರುತ್ತದೆ, ನೆನಪಿರಲಿ), ಎಳೇ ಜೋಳದ ಗರಿ, ಟೊಮ್ಯಾಟೊ ಗಿಡದ ಎಲೆ, ಔಷಧಿ ಹೊಡೆದ ಹೊಲದ ಕಳೆ. ರೊಟ್ಟಿ, ಅನ್ನ, ಬಿಸ್ಕತ್ತು, ಬೆಲ್ಲ ಪ್ರೀತಿಯಿಂದ ಕೊಡುವ ವಿಷ. ನೀರು ಭಾರದ ಮಣ್ಣಿನ ಬಟ್ಟಲಲ್ಲಿರಲಿ, ಮಗುಚುವುದಿಲ್ಲ.

ದಿನಗಳ ಲೆಕ್ಕ

ಮೊದಲ ಮೂರು ದಿನ: ಮೇವು, ನೀರು, ಕಸ. ಬೇರೆ ಏನೂ ಇಲ್ಲ. ಎತ್ತುವುದಿಲ್ಲ, ಮಕ್ಕಳ ಗುಂಪು ಸೇರಿಸುವುದಿಲ್ಲ. ಒಬ್ಬರೇ, ದಿನಾ ಅದೇ ಹೊತ್ತಿಗೆ ಹೋಗಬೇಕು. ಹೋಗುವ ಮೊದಲು ಮೆಲ್ಲಗೆ ಮಾತಾಡಿದರೆ ಬೆಚ್ಚುವುದಿಲ್ಲ.

ನಾಲ್ಕರಿಂದ ಹತ್ತು ದಿನ: ಮೊಲ ಚುರುಕಾಗಿರುವುದು ಮುಂಜಾನೆ ಮತ್ತು ಸಂಜೆ. ಆ ಹೊತ್ತಿನಲ್ಲಿ ಗೂಡಿನ ಪಕ್ಕ ನೆಲದ ಮೇಲೆ ಕಾಲು ಗಂಟೆ ಕೂರಿ. ಅವರೆಕಾಯಿ ಬಿಡಿಸುತ್ತಲೋ ಹಗ್ಗ ಹೊಸೆಯುತ್ತಲೋ ಕೂತರೆ ಹೊತ್ತೂ ದಂಡವಲ್ಲ. ದಿಟ್ಟಿಸಿ ನೋಡಬಾರದು, ಹದ್ದೂ ನರಿಯೂ ನೋಡುವುದು ಹಾಗೇ. ತಾನಾಗಿ ಬಂದು ಮೂಸಿ ಹೋಗಲಿ.

ಆಮೇಲೆ: ಎರಡು ಬೆರಳಲ್ಲಿ ಗರಿಕೆ ಹಿಡಿದು ಚಾಚಿ. ಮೊಲದ ಕಣ್ಣು ಪಕ್ಕಕ್ಕಿರುವುದರಿಂದ ಮೂಗಿನ ಮುಂದಿನದ್ದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕೈ ಪಕ್ಕದಿಂದ, ತಗ್ಗಿನಲ್ಲಿ ಬರಬೇಕು. ಮೇಲಿನಿಂದ ಇಳಿದ ಕೈ ಹದ್ದಿಗೆ ಸಮ. ಮೊದಲು ಹಣೆ ಸವರಿ. ಗದ್ದವನ್ನು ಗೂಡಿಗೋ ನಿಮ್ಮ ಕಾಲಿಗೋ ಉಜ್ಜಿತೆಂದರೆ “ಇದು ನನ್ನದು” ಎಂದು ಗುರುತು ಹಾಕಿದಂತೆ. ಕಾಲು ಚಾಚಿ ಪಕ್ಕಕ್ಕೆ ಬಿದ್ದು ಮಲಗಿತೆಂದರೆ ಭಯ ಬಿಟ್ಟಿತು. ಕೆಲವಕ್ಕೆ ಎರಡು ವಾರ, ಕೆಲವಕ್ಕೆ ಎರಡು ಮೂರು ತಿಂಗಳು. ಅವಸರ ಸಲ್ಲ.

ಎತ್ತಲೇಬೇಕಾದರೆ ಒಂದು ಕೈ ಎದೆಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಮೈಗೆ ಒತ್ತಿ ಹಿಡಿಯಿರಿ. ಕಿವಿ ಹಿಡಿದು ಎತ್ತುವ ಪದ್ಧತಿ ಕ್ರೂರ. ಮೊಲದ ಎಲುಬು ಹಗುರ, ಹಿಂಗಾಲು ಬಲ. ಗಾಳಿಯಲ್ಲಿ ಜಾಡಿಸಿ ಒದ್ದರೆ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳುತ್ತದೆ.

ಬಿಸಿಲು, ಬಸಿರು, ಔಷಧಿ

ಮೊಲ ಬೆವರುವುದಿಲ್ಲ, ಕಾವು ಬಿಡುವುದು ಹೆಚ್ಚಾಗಿ ಕಿವಿಯಿಂದ. 30 ಡಿಗ್ರಿ ದಾಟಿದರೆ ಕಷ್ಟ, ನಮ್ಮ ಏಪ್ರಿಲ್-ಮೇ ತಿಂಗಳು 40ರ ಹತ್ತಿರ. ತಗಡಿನ ಕೆಳಗೆ ಗೂಡು ಬೇಡ, ಬೇವಿನ ನೆರಳು ಬೇಕು. ಸುತ್ತ ಹಸಿ ಗೋಣಿ ಕಟ್ಟಿ, ಗಾಳಿಯಾಡಲು ಒಂದು ಬದಿ ಬಿಡಿ. ಕಿವಿಗೆ ಒದ್ದೆ ಬಟ್ಟೆ ಸವರಬಹುದು. ನೀರಲ್ಲಿ ಅದ್ದಿ ಸ್ನಾನ ಮಾಡಿಸಬೇಡಿ, ಆ ಗಾಬರಿಗೇ ಪ್ರಾಣ ಹೋದೀತು.

ಬಂದದ್ದು ಹೆಣ್ಣಾದರೆ ಬಸಿರೂ ಇರಬಹುದು. ಮೊಲದ ಬಸಿರು ಸುಮಾರು 31 ದಿನ. ಹುಲ್ಲು ಕಚ್ಚಿ ಒಯ್ಯುವುದು, ಎದೆಯ ಕೂದಲು ಕೀಳುವುದು ಮರಿ ಹಾಕುವ ಗುರುತು. ಆಗ ಗದ್ದಲವಾದರೆ ಗಾಬರಿಬಿದ್ದ ತಾಯಿ ಮರಿಗಳನ್ನೇ ಕೊಂದೀತು. ಗಂಡನ್ನು ಬೇರೆ ಇಡಿ. ಮನೆಯಲ್ಲಿ ಮೊದಲೇ ಮೊಲಗಳಿದ್ದರೆ ಹೊಸದನ್ನು ಎರಡು ವಾರ ದೂರವೇ ಇಟ್ಟು ಕಿವಿ ಕಜ್ಜಿ, ಭೇದಿ ಇದೆಯೇ ನೋಡಿಕೊಳ್ಳಿ.

ಕುರಿಗೆ ತಂದಿಟ್ಟ ಔಷಧಿ ಮೊಲಕ್ಕೆ ಹಾಕುವುದು ಬೇಡವೇ ಬೇಡ. ಅಮಾಕ್ಸಿಸಿಲಿನ್‌ನಂಥ ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಂದ ಕೊಟ್ಟರೆ ಅದರ ಕರುಳಿನ ಒಳ್ಳೆಯ ಜೀವಾಣು ಸತ್ತು ಮೊಲವೇ ಸಾಯುತ್ತದೆ. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ಮೇವು ಬಿಟ್ಟರೆ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ 1962ಕ್ಕೆ ಫೋನು ಮಾಡಿ. ಮರುದಿನ ನೋಡೋಣ ಎನ್ನುವ ಕಾಯಿಲೆ ಇದಲ್ಲ.

ಹೊಲಕ್ಕೆ ಬಿಡಬೇಡಿ

“ಸಾಕಾಯ್ತು, ಅಡವಿಗೆ ಬಿಟ್ಟು ಪುಣ್ಯ ಕಟ್ಕೊಳ್ಳಾಣ” ಎನ್ನುವವರಿದ್ದಾರೆ. ಬಿಳಿ ಮೈಯ ಸಾಕು ಮೊಲಕ್ಕೆ ನಮ್ಮ ಅಡವಿಯಲ್ಲಿ ಮರೆಯಿಲ್ಲ, ಓಟವಿಲ್ಲ. ನಾಯಿಗೋ ನರಿಗೋ ಆಹಾರವಾಗುತ್ತದೆ. ಬದುಕಿದರೂ ಒಳಿತಲ್ಲ. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಒಬ್ಬರು ಬೇಟೆಯ ಶೋಕಿಗೆ ಬಿಟ್ಟ ಒಂದೆರಡು ಡಜನ್ ಮೊಲ ದೇಶವನ್ನೇ ತುಂಬಿ ರೈತರ ಹುಲ್ಲು, ಬೆಳೆ ತಿಂದವು. ಸಾಕಲು ಆಗದಿದ್ದರೆ ಆಗುವವರನ್ನು ಹುಡುಕಿ, ಅದು ತಿನ್ನುವ ಮೇವಿನ ಸಮೇತ, ಮಲಗುವ ಹುಲ್ಲಿನ ಸಮೇತ ಕೊಡಿ. ತನ್ನ ವಾಸನೆಯ ಹುಲ್ಲು ಜೊತೆಗಿದ್ದರೆ ಹೊಸ ಮನೆಯಲ್ಲಿ ಅರ್ಧ ಹೆದರಿಕೆ ಕಡಿಮೆ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬಾಳುವ ಜೀವ ಅದು. ಒಪ್ಪಿಕೊಳ್ಳುವ ಮೊದಲು ಮನೆಯವರೆಲ್ಲ ಕೂತು ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.