ದಿನಚರಿಯ ಪಾಠ: ‘ಎಷ್ಟು ಸಲ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ತರಗತಿ: 6 ಮತ್ತು 7
ಅವಧಿ: 40 ನಿಮಿಷಗಳ ಎರಡು ಪಾಠಗಳು, ನಡುವೆ ಒಂದು ವಾರದ ಅಂತರ
ಉದ್ದೇಶ: ವಿದ್ಯಾರ್ಥಿಯು ತನ್ನ ದಿನಚರಿಯನ್ನು ಇದ್ದುದು ಇದ್ದಂತೆ ಐದಾರು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುವುದು.

ಪೀಠಿಕೆ

ಆಲ್ವೇಸ್, ಯೂಶುವಲಿ, ಆಫನ್, ಸಮ್‌ಟೈಮ್ಸ್, ಸೆಲ್ಡಮ್, ನೆವರ್ ಎಂಬ ಪದಗಳ ಅರ್ಥವನ್ನು ಮಕ್ಕಳು ಬೇಗನೆ ಬಾಯಿಪಾಠ ಮಾಡುತ್ತಾರೆ. ವಾಕ್ಯದಲ್ಲಿ ಬಳಸುವಾಗ ಎಡವುತ್ತಾರೆ. ಇದಕ್ಕೆ ಕಾರಣ ಅಲಕ್ಷ್ಯವಲ್ಲ. ‘ಬರುತ್ತಾನೆ’, ‘ಬರುವುದುಂಟು’, ‘ಬರುವುದೇ ಇಲ್ಲ’ ಎನ್ನುವಾಗ ಕನ್ನಡದಲ್ಲಿ ಕ್ರಿಯಾರೂಪವೇ ರೂಢಿಯ ಪ್ರಮಾಣವನ್ನು ಸೂಚಿಸುತ್ತದೆ. ಇಂಗ್ಲಿಷ್ ಆ ಹೊಣೆಯನ್ನು ಬಿಡಿ ಪದವೊಂದಕ್ಕೆ ಒಪ್ಪಿಸಿ, ವಾಕ್ಯದಲ್ಲಿ ಅದಕ್ಕೊಂದು ಗೊತ್ತಾದ ಸ್ಥಾನವನ್ನು ಕೊಡುತ್ತದೆ.

ಎಡವುವ ಮೂರು ಸ್ಥಳಗಳು

1. ನಿಷೇಧ: ‘ಎಂದೂ ಬರುವುದಿಲ್ಲ’ ಎನ್ನಲು ಕನ್ನಡಕ್ಕೆ ‘ಎಂದೂ’, ‘ಇಲ್ಲ’ ಎರಡೂ ಬೇಕು. ಮರಾಠಿಯ ‘ಕಧೀಚ್ ಯೇತ್ ನಾಹೀ’, ತೆಲುಗಿನ ‘ಎಪ್ಪುಡೂ ರಾಡು’, ಮಲಯಾಳದ ‘ಒರಿಕ್ಕಲುಂ ವರಿಲ್ಲ’ ಇವುಗಳಲ್ಲಿಯೂ ನಿಷೇಧವು ಕ್ರಿಯೆಯಲ್ಲಿಯೇ ಇದೆ. ಆದುದರಿಂದ ಗಡಿನಾಡಿನ ಮಗುವಿಗೆ ನೆರೆಭಾಷೆಯ ಪರಿಚಯವೂ ಇಲ್ಲಿ ನೆರವಾಗದು. ಅದು ‘ಹಿ ಡಸ್ ನಾಟ್ ನೆವರ್ ಕಮ್’ ಎನ್ನುತ್ತದೆ. ನೆವರ್ ಎಂಬುದರೊಳಗೇ ‘ಇಲ್ಲ’ ಅಡಗಿದೆಯೆಂದು ತಿಳಿಸಿ, ‘ಹಿ ನೆವರ್ ಕಮ್ಸ್’ ಎಂಬುದನ್ನು ರೂಢಿಸಬೇಕು.

2. ಸ್ಥಾನ: ಈ ಪದಗಳು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದದ ಹಿಂದೆಯೇ ನಿಲ್ಲುತ್ತವೆ: ‘ಐ ಆಲ್ವೇಸ್ ವಾಕ್ ಟು ಸ್ಕೂಲ್’. ಆಮ್, ಈಸ್, ಆರ್ ಇವೇ ಮುಖ್ಯ ಕ್ರಿಯಾಪದಗಳಾದಾಗ ಅವುಗಳ ಅನಂತರ ಬರುತ್ತವೆ: ‘ಶಿ ಈಸ್ ನೆವರ್ ಲೇಟ್’. ಸಮ್‌ಟೈಮ್ಸ್ ವಾಕ್ಯದ ಮೊದಲಲ್ಲಿಯೂ ಬರಬಹುದು. ಎವ್ರಿ ಡೇ, ಟ್ವೈಸ್ ಎ ವೀಕ್ ಮುಂತಾದ ಪದಪುಂಜಗಳಿಗೆ ಹೆಚ್ಚಾಗಿ ವಾಕ್ಯದ ಕೊನೆಯೇ ಸ್ಥಾನ.

3. ಕಾಲ: ‘ಐ ಆಮ್ ಗೋಯಿಂಗ್ ಟು ಸ್ಕೂಲ್ ಎವ್ರಿ ಡೇ’ ಎಂಬುದು ಬಹಳವಾಗಿ ಕೇಳಿಬರುವ ತಪ್ಪು. ಇಲ್ಲಿ ಕನ್ನಡವೇ ದಾರಿ ತೋರುತ್ತದೆ. ‘ದಿನವೂ ಹೋಗುತ್ತೇನೆ’ ಎನ್ನುವಲ್ಲಿ ‘ಗೋ’. ‘ಈಗ ಹೋಗುತ್ತಿದ್ದೇನೆ’ ಎನ್ನುವಲ್ಲಿ ‘ಆಮ್ ಗೋಯಿಂಗ್’. ಈ ಭೇದವನ್ನು ಮೊದಲು ಕನ್ನಡದಲ್ಲಿ ಗುರುತಿಸಿದ ಮಗು ಇಂಗ್ಲಿಷಿನಲ್ಲಿ ಗೊಂದಲಕ್ಕೀಡಾಗುವುದು ಕಡಿಮೆ.

ಬೋಧನಾಕ್ರಮ

ಮೊದಲ ಪಾಠದಲ್ಲಿ ಪ್ರತಿ ವಿದ್ಯಾರ್ಥಿಯೂ ತನಗೆ ಬೇಕಾದ ಐದು ಕೆಲಸಗಳನ್ನು ಆರಿಸಿ, ಏಳು ದಿನಗಳ ಪಟ್ಟಿಯನ್ನು ಬರೆದುಕೊಳ್ಳಲಿ: ನೀರು ತರುವುದು, ಚಹಾ ಕುಡಿಯುವುದು, ದನಗಳಿಗೆ ಮೇವು ಹಾಕುವುದು, ತಂಗಿಗೆ ಜಡೆ ಹೆಣೆಯುವುದು, ಬಸ್ಸಿನಲ್ಲಿ ಹೋಗುವುದು ಇತ್ಯಾದಿ. ಕೆಲಸ ನಡೆದ ದಿನ ಗುರುತು ಹಾಕಲಿ.

ಎರಡನೆಯ ಪಾಠದಲ್ಲಿ ಗುರುತುಗಳನ್ನು ಎಣಿಸಿ ಪದವನ್ನು ಆರಿಸಲಿ. ಏಳಕ್ಕೆ ಏಳಿದ್ದರೆ ಆಲ್ವೇಸ್, ಐದಾರಿದ್ದರೆ ಯೂಶುವಲಿ, ಮೂರುನಾಲ್ಕಿದ್ದರೆ ಆಫನ್, ಒಂದೆರಡಿದ್ದರೆ ಸಮ್‌ಟೈಮ್ಸ್, ಏನೂ ಇಲ್ಲದಿದ್ದರೆ ನೆವರ್. ತಿಂಗಳಿಗೊಮ್ಮೆ ನಡೆಯುವಂಥದಕ್ಕೆ ಸೆಲ್ಡಮ್ ಉಳಿಯಲಿ. ಈ ಲೆಕ್ಕ ಪಾಠದ ಅನುಕೂಲಕ್ಕೆ ಮಾತ್ರ. ಭಾಷೆಯಲ್ಲಿ ಇಷ್ಟು ಬಿಗಿಯಾದ ಗಣನೆಯಿಲ್ಲ. ಶಾಲೆಗೆ ನಡೆದು ಬರುವುದನ್ನು ಶಾಲೆಯಿರುವ ದಿನಗಳಲ್ಲಿ ಮಾತ್ರ ಎಣಿಸಬೇಕು: ಆರಕ್ಕೆ ಆರು ದಿನವೂ ನಡೆದವನು ಆಲ್ವೇಸ್ ಎನ್ನಲು ಅರ್ಹನು.

ಎಚ್ಚರಿಕೆ

ಬೆಳಿಗ್ಗೆ ಹಾಲು ಕುಡಿಯದ ಮಗುವಿನಿಂದ ‘ಐ ಆಲ್ವೇಸ್ ಡ್ರಿಂಕ್ ಮಿಲ್ಕ್’ ಎಂದು ಹೇಳಿಸುವುದು ವ್ಯಾಕರಣಕ್ಕೆ ಸರಿ, ಮಗುವಿಗೆ ಸುಳ್ಳು. ಹೊಸ ಭಾಷೆ ಸುಳ್ಳಾಡುವುದಕ್ಕೆಂದೇ ಇರುವುದೆಂಬ ಭಾವನೆ ಅದರ ಮನಸ್ಸಿನಲ್ಲಿ ಬೇರೂರಬಾರದು. ತಂದೆತಾಯಿ ಕಬ್ಬು ಕಡಿಯಲು ದೂರ ಹೋಗಿರುವಾಗ ತಾನೇ ಅಡುಗೆ ಮಾಡುವ ಬಾಲಕಿ ‘ಐ ಯೂಶುವಲಿ ಕುಕ್’ ಎಂದು ಬರೆದರೆ, ಅದು ಪಠ್ಯದ ಮಾದರಿಗಿಂತ ಮೇಲಾದ ವಾಕ್ಯ. ಆದರೆ ಪಟ್ಟಿಯನ್ನು ಎಲ್ಲರೆದುರು ಓದಿಸಬಾರದು. ಉಪಾಹಾರವಿಲ್ಲದ ಬೆಳಗುಗಳನ್ನು ಮಗು ತಾನಾಗಿ ಹೇಳದ ಹೊರತು ಕೇಳಲೂಬಾರದು.

ಮೌಲ್ಯಮಾಪನ

ವಿದ್ಯಾರ್ಥಿಯು ತನ್ನ ಪಟ್ಟಿಯಿಂದ ಐದು ವಾಕ್ಯಗಳನ್ನು ಬರೆಯಲಿ. ಒಂದರಲ್ಲಿ ನೆವರ್, ಇನ್ನೊಂದರಲ್ಲಿ ಆಮ್ ಅಥವಾ ಈಸ್ ಇರಲಿ. ಶಿಕ್ಷಕರು ಪದದ ಸ್ಥಾನ, ನಿಷೇಧ, ಕ್ರಿಯಾರೂಪ ಈ ಮೂರನ್ನು ಮಾತ್ರ ತಿದ್ದಬೇಕು. ಕಾಗುಣಿತದ ತಪ್ಪುಗಳನ್ನು ಇನ್ನೊಂದು ದಿನಕ್ಕೆ ಬಿಡಬಹುದು.