ಹಳೆಯ ನೆನಪು: ನಿಜವೆಷ್ಟು, ಬೆರಕೆಯೆಷ್ಟು?

ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯ ಎಷ್ಟೋ ವರ್ಷ ಮರೆತುಹೋಗಿ, ಆಮೇಲೆ ಒಮ್ಮೆಲೇ ನೆನಪಾಗುವುದುಂಟೇ? ಹಾಗೆ ಬಂದ ನೆನಪನ್ನು ನಂಬಬಹುದೇ? ವಿದ್ವಾಂಸರಲ್ಲಿಯೇ ಇದು ದೊಡ್ಡ ವಾದ.

ಊರಲ್ಲಿ ಹೊಲವಿದ್ದವರಿಗೆ ಒಂದು ಮಾತು ಗೊತ್ತು. ಅಪ್ಪ ಹಾಕಿದ ಬದು ಎಲ್ಲಿತ್ತೆಂದು ಅಣ್ಣತಮ್ಮಂದಿರನ್ನು ಕೇಳಿರಿ. ಇಬ್ಬರೂ ಆಣೆ ಮಾಡುತ್ತಾರೆ, ಇಬ್ಬರೂ ಸುಳ್ಳುಗಾರರಲ್ಲ, ಆದರೂ ಬದು ಎರಡು ಕಡೆ ಇರುತ್ತದೆ. ನೆನಪು ಪ್ರತಿ ಸಲ ಹೇಳುವಾಗಲೂ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಕೇಳಿದ ಮಾತು ಅದರಲ್ಲಿ ಸೇರಿಕೊಳ್ಳುತ್ತದೆ.

ಅಮೇರಿಕದ ಎಲಿಜಬೆತ್ ಲಾಫ್ಟಸ್ ಎಂಬ ಮನೋವಿಜ್ಞಾನಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, "ನೀನು ಚಿಕ್ಕವನಿದ್ದಾಗ ಅಂಗಡಿ ಸಾಲಿನಲ್ಲಿ ಕಳೆದುಹೋಗಿದ್ದೆ" ಎಂಬ ಸುಳ್ಳು ಕಥೆಯನ್ನು 24 ಜನರಿಗೆ ಕೊಟ್ಟಿದ್ದರು. ಸುಮಾರು ಕಾಲು ಭಾಗ ಜನ ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ ನೆನಪಿಸಿಕೊಂಡರು. ಆದರೆ ಅಂಗಡಿಯಲ್ಲಿ ಕಳೆದುಹೋಗುವುದಕ್ಕೂ ದೌರ್ಜನ್ಯಕ್ಕೂ ಹೋಲಿಕೆಯೇ ಎಂದು ಕೇಳುವವರ ಮಾತಿನಲ್ಲಿಯೂ ತೂಕವಿದೆ. ಲಿಂಡಾ ವಿಲಿಯಮ್ಸ್ ಎಂಬುವರು 1994ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಬಾಲ್ಯದ ದೌರ್ಜನ್ಯ ಆಸ್ಪತ್ರೆಯ ದಾಖಲೆಯಲ್ಲಿಯೇ ಇದ್ದ 129 ಮಹಿಳೆಯರನ್ನು ಸುಮಾರು 17 ವರ್ಷಗಳ ಮೇಲೆ ಕೇಳಿದಾಗ ಶೇಕಡಾ 38ರಷ್ಟು ಮಂದಿ ಆ ಘಟನೆಯನ್ನು ಹೇಳಲಿಲ್ಲ. ಮರೆತಿದ್ದರೋ, ನಾಚಿಕೆಯಿಂದ ಬಾಯಿಬಿಡಲಿಲ್ಲವೋ, ಅದಕ್ಕೂ ವಾದವಿದೆ.

ನಮ್ಮ ಧರ್ಮಸಭೆಗೂ ಇದು ತಟ್ಟಿತು. 1993ರಲ್ಲಿ ಚಿಕಾಗೋದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಅವರ ಮೇಲೆ ಒಬ್ಬ ಯುವಕ ಆರೋಪ ಹೊರಿಸಿದ. ಸಮ್ಮೋಹನ ಚಿಕಿತ್ಸೆಯಲ್ಲಿ ಬಂದ ಆ ನೆನಪನ್ನು ನಂಬಲಾಗದೆಂದು 1994ರಲ್ಲಿ ತಾನೇ ಹಿಂತೆಗೆದುಕೊಂಡ. ಆದರೆ ಈ ಒಂದು ಪ್ರಕರಣವನ್ನೇ ಹಿಡಿದು ಎಲ್ಲ ದೂರುಗಳನ್ನು ತಳ್ಳಿಹಾಕುವವರಿಗೆ ನನ್ನ ಒಪ್ಪಿಗೆಯಿಲ್ಲ. 2002ರಲ್ಲಿ ಬಾಸ್ಟನ್ ಧರ್ಮಪ್ರಾಂತದಲ್ಲಿ ಬಯಲಾದ ದೂರುಗಳು ನಿಜವಾಗಿದ್ದವು, ಮುಚ್ಚಿಡಲ್ಪಟ್ಟಿದ್ದವು.

ನಮ್ಮ ಗೋವಾದಲ್ಲಂತೂ ಮರೆವಿನ ಪ್ರಶ್ನೆಯೇ ಇರಲಿಲ್ಲ. ಮಡಗಾಂವಿನಲ್ಲಿ ಅನಾಥ ಮಕ್ಕಳನ್ನು ಇಟ್ಟುಕೊಂಡಿದ್ದ ಫ್ರೆಡ್ಡಿ ಪೀಟ್ಸ್ 1991ರಲ್ಲಿ ಬಂಧಿತನಾದಾಗ ರಾಶಿ ಫೋಟೋಗಳೇ ಸಿಕ್ಕಿದವು. 1996ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2003ರಲ್ಲಿ ಗೋವಾ ಮಕ್ಕಳ ಕಾಯಿದೆ ಬಂತು. ಬಹುಪಾಲು ಮಕ್ಕಳಿಗೆ ನಡೆದದ್ದು ಚೆನ್ನಾಗಿಯೇ ನೆನಪಿರುತ್ತದೆ, ಕೇಳುವವರೇ ಇರುವುದಿಲ್ಲ.

ಮದ್ದು ಕೊಟ್ಟು ನೆನಪು ಹೊರತೆಗೆಯುವ ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಬಾರದೆಂದು ಸುಪ್ರೀಂ ಕೋರ್ಟು 2010ರಲ್ಲಿ ಕರ್ನಾಟಕದ ಸೆಲ್ವಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಮನೆಯವರು ಯಾರ ನೆನಪನ್ನೂ ಕೆದಕಿ ತೆಗೆಯಲು ಹೋಗಬಾರದು. ದೇವರು ಬರಿಸುವವರ ಬಳಿಗಾಗಲಿ, ಸಮ್ಮೋಹನ ಮಾಡುವವರ ಬಳಿಗಾಗಲಿ ಕರೆದೊಯ್ಯಬೇಡಿರಿ.

ಮಗು ತಾನಾಗಿ ಹೇಳಿದರೆ ಬೈಯದೆ ಕೇಳಿರಿ. "ಮಾಮ ಹೀಗೆ ಮಾಡಿದನಾ?" ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿರಿ. "ಆಮೇಲೆ ಏನಾಯಿತವ್ವಾ?" ಎಂದಷ್ಟೇ ಕೇಳಿ, ಮಗು ಹೇಳಿದ ಮಾತನ್ನೇ ಅಂದೇ ಬರೆದಿಡಿರಿ. ಮತ್ತೆ ಮತ್ತೆ ಕೇಳಬೇಡಿರಿ. 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098, ಹಣ ಬೀಳುವುದಿಲ್ಲ.