ಫೋರ್ಸೆಪ್ಸ್, ವ್ಯಾಕ್ಯೂಮ್ ಹೆರಿಗೆ: ಸ್ಟಾಫ್ ನರ್ಸ್ ಪರೀಕ್ಷೆಗೆ ಟಿಪ್ಪಣಿ

1. ಫೋರ್ಸೆಪ್ಸ್: 17ನೇ ಶತಮಾನ, ಇಂಗ್ಲೆಂಡಿನ ಚೇಂಬರ್ಲೆನ್ ಮನೆತನ, ನೂರು ವರ್ಷಕ್ಕೂ ಹೆಚ್ಚು ಕಾಲ ಗುಟ್ಟು.
2. ವ್ಯಾಕ್ಯೂಮ್ ಕಪ್: ಸ್ವೀಡನ್ನಿನ ಮಾಲ್ಮ್‌ಸ್ಟ್ರಾಮ್, 1950ರ ದಶಕ. 34 ವಾರ ತುಂಬದ ಮಗುವಿಗೆ ಬಳಸುವುದಿಲ್ಲ.
3. ತಾಯಿಗೆ: ಯೋನಿ, ಗುದದ್ವಾರದ ಸ್ನಾಯು ಹರಿಯುವುದು; ಫೋರ್ಸೆಪ್ಸ್‌ನಲ್ಲಿ ಹೆಚ್ಚು.
4. ಮಗುವಿಗೆ, ಫೋರ್ಸೆಪ್ಸ್‌ನಿಂದ: ಮುಖದ ನರಕ್ಕೆ (7ನೇ ಕಪಾಲ ನರ) ಪೆಟ್ಟು. ಅಳುವಾಗ ಬಾಯಿ ಸರಿಯಿರುವ ಕಡೆಗೆ ಎಳೆಯುತ್ತದೆ. ಪೆಟ್ಟಾದ ಕಡೆಯ ಕಣ್ಣು ಪೂರ್ತಿ ಮುಚ್ಚದು. ಬಹುಪಾಲು ತಾನಾಗಿ ವಾಸಿ.

ಗಮನಿಸಿ, ಅಂಕ ಹೋಗುವುದು ಇಲ್ಲೇ (ಸ್ಯೂಚರ್ = ತಲೆಬುರುಡೆಯ ಮೂಳೆಗಳು ಕೂಡುವ ಗೆರೆ):
• ಕಾಪುಟ್: ಚರ್ಮದಡಿಯ ಊತ. ಸ್ಯೂಚರ್ ದಾಟುತ್ತದೆ. ಹುಟ್ಟಿದಾಗಲೇ ಕಾಣುತ್ತದೆ, ಕೆಲವೇ ದಿನಗಳಲ್ಲಿ ಇಳಿಯುತ್ತದೆ.
• ಸೆಫಲೋಹೆಮಟೋಮಾ: ಮೂಳೆಪೊರೆಯಡಿ ರಕ್ತ. ಸ್ಯೂಚರ್ ದಾಟದು. ಇಳಿಯಲು ವಾರಗಳು ಬೇಕು, ಕಾಮಾಲೆ ಬರಬಹುದು.
• ಸಬ್‌ಗೇಲಿಯಲ್ ರಕ್ತಸ್ರಾವ: ಮುಖ್ಯವಾಗಿ ವ್ಯಾಕ್ಯೂಮ್‌ನಿಂದ. ಸ್ಯೂಚರ್ ದಾಟಿ ಕುತ್ತಿಗೆವರೆಗೂ ಹರಡಬಹುದು. ಮೂರರಲ್ಲಿ ಪ್ರಾಣಾಂತಿಕ ಇದೇ.